ಕುದುರೆಯಿಂದ ಇಳಿಯುವ ಬಗೆ

ಮುಂದೆ ಯಾರಾದರೂ ಚನ್ನಗಿರಿಯ ಚರಿತ್ರೆ ಬರೆಯಲು ಕೂತರೆ ಬೆಟ್ಟದ ಮೇಲಿನ ಕೋಟೆಯನ್ನು ಬಿಟ್ಟರೂ ಬಿಡಬಹುದು. ವಿನಯ್ ಕುಮಾರನ ಬೂಟು ಕೊರಿಯರಿನಲ್ಲಿ ಬಂದ ದಿನವನ್ನು ಮಾತ್ರ ಬಿಡುವಂತಿಲ್ಲ. ಅವತ್ತು ಬಿಸಿಲು ಎಂದಿನಂತೆಯೇ ಇತ್ತು, ದಾವಣಗೆರೆ ಬಸ್ಸು ಎಂದಿನಂತೆಯೇ ತಡವಾಗಿತ್ತು. ದೊಡ್ಡ ಘಟನೆಗಳು ನಡೆಯುವಾಗ ಊರಿಗೆ ಅದರ ಸುಳಿವೇ ಇರುವುದಿಲ್ಲ.

ಬೂಟು ಕರಿಯದು, ಮೊಣಕಾಲು ಮುಟ್ಟುವಂಥದು, ಹಿಮ ಬೀಳುವ ದೇಶದವರ ಕಾಲನ್ನು ಮನಸ್ಸಿನಲ್ಲಿಟ್ಟುಕೊಂಡು ಹೊಲಿದದ್ದು. ವಿನಯ್ ಕುಮಾರ ಹನಿ ನೀರಾವರಿ ಪೈಪುಗಳ ತನ್ನ ಅಂಗಡಿಯಲ್ಲಿ, ಪೈಪಿನ ಸುರುಳಿಗಳ ನಡುವೆ ಸ್ಟೂಲು ಹಾಕಿ ಕೂತು, ಕಾಲಿಗೆ ಪೌಡರು ಬಳಿದುಕೊಂಡು ಅದರೊಳಕ್ಕೆ ಇಳಿಯುತ್ತಿದ್ದ. ಪಕ್ಕದ ಜೆರಾಕ್ಸ್ ಅಂಗಡಿಯ ವಿನೋದ್ ಟೀ ಲೋಟ ಹಿಡಿದು ಬಂದು ನಿಂತ.

“ಏನೋ ಇದು? ಗದ್ದೆಗೆ ಔಷಧಿ ಹೊಡಿಯಾಕೆ ಹೊಂಟೀಯಾ?”

“ರೈಡಿಂಗ್ ಬೂಟು ಕಣೋ.”

“ಕುದುರೆಗಾ?”

“ನನಗೆ!”

“ಹಂಗನ್ನು. ಎರಡೇ ಬಂದಾವಲ್ಲ, ಇನ್ನೆರಡು ಎಲ್ಲಿ ಹೋದ್ವು ಅಂತ ನೋಡ್ತಿದ್ದೆ.”

ವಿನಯ್ ಕುಮಾರ ಎದ್ದು ನಿಂತು ಎರಡು ಹೆಜ್ಜೆ ಹಾಕಿದ. ಬೂಟು ಕಿರ್ರೆಂದಿತು. ಆ ಸದ್ದು ಅವನಿಗೆ ಬಹಳ ಹಿಡಿಸಿತು. ತೆಗೆಯುವಾಗ ಮಾತ್ರ ವಿನೋದನೇ ಹಿಮ್ಮಡಿ ಹಿಡಿದು, ಗೋಡೆಗೆ ಕಾಲು ಕೊಟ್ಟು ಎಳೆಯಬೇಕಾಯಿತು.

ಮೂವತ್ತೈದು ದಾಟಿದ ವಿನಯ್ ಕುಮಾರನಿಗೆ ಅಂಗಡಿ ಇತ್ತು, ಕಾರಿತ್ತು, ತಲೆಯಲ್ಲಿ ಇನ್ನೂ ಕೂದಲಿತ್ತು. ಹೆಣ್ಣು ಮಾತ್ರ ಸಿಕ್ಕಿರಲಿಲ್ಲ. ತ್ಯಾವಣಿಗೆಯ ಹುಡುಗಿ ಅವನನ್ನೂ ಕಾರನ್ನೂ ಒಟ್ಟಿಗೆ ನೋಡಿ, ಕಾರು ಚೆನ್ನಾಗಿದೆ ಎಂದಿದ್ದಳು. ಜಗಳೂರಿನ ಹುಡುಗಿ ಅಷ್ಟೂ ಹೇಳಲಿಲ್ಲ. ಹುಡುಗ ಒಳ್ಳೆಯವನೇ, ಆದರೆ ವಿಶೇಷ ಏನೂ ಇಲ್ಲ ಎಂದು ಅವಳ ಮನೆಯಿಂದ ಉತ್ತರ ಬಂತು. ಆ ಮಾತು ವಿನಯ್ ಕುಮಾರನ ಅಪ್ಪ ನಾಗರಾಜಪ್ಪನವರನ್ನು ನಾಲ್ಕು ದಿನ ಊಟಕ್ಕೆ ಕೂರಗೊಡಲಿಲ್ಲ. ತಮ್ಮ ಮಗನಲ್ಲಿ ವಿಶೇಷ ಇಲ್ಲವೆಂಬುದು ಅವರಿಗೆ ಮೊದಲೇ ಗೊತ್ತಿತ್ತು. ಜಗಳೂರಿನವರೆಗೂ ಗೊತ್ತಾಗಿದೆ ಎಂಬುದು ಗೊತ್ತಿರಲಿಲ್ಲ.

ಸಂಬಂಧ ನೋಡಿಸುತ್ತಿದ್ದವರು ನಿವೃತ್ತ ಶಿಕ್ಷಕ ಗುರುಬಸವರಾಜ್ ಮೇಷ್ಟ್ರು. ಸೇವೆಯಲ್ಲಿದ್ದಾಗ ಮಕ್ಕಳನ್ನು ಪಾಸು ಮಾಡಿಸಲು ಪಟ್ಟ ಪಾಡನ್ನು ಈಗ ಗಂಡುಗಳಿಗಾಗಿ ಪಡುತ್ತಿದ್ದರು. “ಈಗಿನ ಹುಡುಗೀರಿಗೆ ಏನಾರ ಒಂದು ಎದ್ದು ಕಾಣ್ಬೇಕು ನಾಗರಾಜಪ್ಪಾರೆ” ಎಂದರು. “ಪೈಪು ಎದ್ದು ಕಾಣಲ್ಲ. ಅದನ್ನ ಹೂಳೋದೇ ಮಣ್ಣಿನ ಕೆಳಗೆ.”

ಅದೇ ಹೊತ್ತಿಗೆ ಹೊನ್ನಾಳಿಯಲ್ಲಿ ಗೆಳೆಯನೊಬ್ಬನ ಮದುವೆಯಾಯಿತು. ಮದುಮಗ ಮೆರವಣಿಗೆಯ ಬಿಳಿ ಕುದುರೆಯಿಂದ ಇಳಿದು ಒಳಗೆ ಹೋದ ಮೇಲೆ ವಿನಯ್ ಕುಮಾರ ಅದೇ ಕುದುರೆ ಹತ್ತಿ, ಕಪ್ಪು ಕನ್ನಡಕ ಹಾಕಿಕೊಂಡು ಫೋಟೋ ತೆಗೆಸಿಕೊಂಡ. ಸ್ಟೇಟಸ್ಸಿಗೆ ಹಾಕಿದ ಆ ಫೋಟೋಕ್ಕೆ ಅವನ ಜನ್ಮದಲ್ಲೇ ಬಾರದಷ್ಟು ಹೃದಯದ ಚಿಹ್ನೆಗಳು ಬಂದವು. ಮೇಷ್ಟ್ರು ತಡಮಾಡಲಿಲ್ಲ. ಹುಡುಗನ ಪರಿಚಯದಲ್ಲಿ ‘ಹವ್ಯಾಸ: ಅಶ್ವಾರೋಹಣ’ ಎಂದು ಸೇರಿಸಿ ಹತ್ತೂರಿಗೆ ಕಳಿಸಿಬಿಟ್ಟರು. ಹಾಗೆ ಮೊದಲು ಹವ್ಯಾಸ ಪ್ರಕಟವಾಯಿತು, ಕಲಿಯುವ ಕೆಲಸ ಆಮೇಲೆ ಶುರುವಾಯಿತು.

ಬೂಟು ತರಿಸಿಕೊಂಡು ಕಲಿಯಲು ಅವನು ಹೋದದ್ದು ಹೊನ್ನಾಳಿಗೆ, ಫೋಟೋದಲ್ಲಿದ್ದ ಅದೇ ಕುದುರೆಯ ಲಾಯಕ್ಕೆ. ಲಾಯವೆಂದರೆ ಊರಾಚೆ, ಹೊಳೆಯ ಕಡೆಗೆ, ತಗಡಿನ ಒಂದು ಶೆಡ್ಡು. ಅದರ ಯಜಮಾನ ತಿಪ್ಪೇರುದ್ರ ಮದುವೆಗೆ ಕುದುರೆ, ಸಾರೋಟು ಬಾಡಿಗೆಗೆ ಕೊಡುತ್ತಿದ್ದ. ಎರಡು ಕುದುರೆಗಳಲ್ಲಿ ಒಂದು ಕಚ್ಚುತ್ತಿತ್ತು. ಇನ್ನೊಂದು ಬೆಳ್ಳಿ. ಹೊನ್ನಾಳಿಯ ಸುತ್ತಮುತ್ತ ಬೆಳ್ಳಿಯ ಬೆನ್ನ ಮೇಲೆ ಕೂತು ಮದುವೆಯಾದವರ ಮಕ್ಕಳು ಈಗ ಹೈಸ್ಕೂಲಿನಲ್ಲಿದ್ದಾರೆ. ಅಷ್ಟು ವರ್ಷಗಳಲ್ಲಿ ಅದು ಗಂಡುಗಳ ಬಗ್ಗೆ ತನ್ನದೇ ಒಂದು ಅಭಿಪ್ರಾಯಕ್ಕೆ ಬಂದಂತೆ ಕಾಣುತ್ತಿತ್ತು. ಯಾರು ಹತ್ತಿದರೂ ಒಂದು ಸಲ ನಿಟ್ಟುಸಿರು ಬಿಡುತ್ತಿತ್ತು.

ವಿನಯ್ ಕುಮಾರ ಪ್ರತಿ ಭಾನುವಾರ ಬರತೊಡಗಿದ. ಬರುವ ಮುನ್ನ ಮೊಬೈಲಿನಲ್ಲಿ ವಿದೇಶದ ಸವಾರರನ್ನು ನೋಡಿ ಬರುತ್ತಿದ್ದ.

“ತಿಪ್ಪೇರುದ್ರ, ಇವತ್ತು ಟ್ರಾಟ್ ಮಾಡಾಣ.”

“ಹಂಗಂದ್ರೆ ಏನ್ರಿ?”

“ನಡಿಗೆಗಿಂತ ಸ್ವಲ್ಪ ಜೋರು.”

“ಇದಕ್ಕೆ ನಡಿಗೆಗಿಂತ ಮೆಲ್ಲಗೆ ಗೊತ್ತೈತೆ ನೋಡ್ರಿ. ಬ್ಯಾಂಡಿನೋರ ಹಿಂದೆ ಹೋಗಿ ಹೋಗಿ ರೂಢಿ. ಜೋರು ಬೇಕಂದ್ರೆ ನೀವು ಇಳಿದು ಓಡ್ಬೇಕು.”

ಬೆಳ್ಳಿಗೆ ಇನ್ನೊಂದು ವಿದ್ಯೆಯೂ ಗೊತ್ತಿತ್ತು. ಕೂತವನು ಹಿಂದಕ್ಕೆ ವಾಲಿದರೆ, ಅಥವಾ ಕಾಲಿಡುವ ರಿಕಾಪಿನಿಂದ ಕಾಲು ತೆಗೆದರೆ, ಮುಂಗಾಲು ಎತ್ತಿ ಕುಣಿಯಬೇಕೆಂದು ಅದಕ್ಕೆ ಕಲಿಸಲಾಗಿತ್ತು. ಮೆರವಣಿಗೆಯಲ್ಲಿ ಜನ ಅದನ್ನೇ ಬಯಸುತ್ತಾರೆ. ಹೀಗಾಗಿ ವಿನಯ್ ಕುಮಾರ ಕಲಿತ ಅಶ್ವಾರೋಹಣ ಎಂದರೆ ಇಷ್ಟು: ಸ್ಟೂಲಿನ ಸಹಾಯದಿಂದ ಹತ್ತುವುದು, ತಿಪ್ಪೇರುದ್ರ ಲಗಾಮು ಹಿಡಿದು ಮುಂದೆ ನಡೆಯುವಾಗ ಬೆನ್ನು ನೆಟ್ಟಗೆ ಇಟ್ಟುಕೊಳ್ಳುವುದು, ಹೊಳೆಯ ದಾರಿಯಲ್ಲಿ ಹೋಗಿ ಬರುವುದು. ಮೈ ತೊಳೆಯುವುದು, ಹುರುಳಿ ಬೇಯಿಸುವುದು, ಲದ್ದಿ ಬಾಚುವುದು ಇವೆಲ್ಲ ಅಶ್ವಾರೋಹಣದ ಭಾಗವೆಂದು ಅವನ ಮೊಬೈಲಿನಲ್ಲಿ ತೋರಿಸಿರಲಿಲ್ಲ. ಅವನು ಬರುವ ಹೊತ್ತಿಗೆ ಬೆಳ್ಳಿ ಸ್ನಾನ ಮುಗಿಸಿ, ಜೀನು ಹೊತ್ತು ತಯಾರಾಗಿರುತ್ತಿತ್ತು.

ಸುತ್ತು ಮುಗಿಸಿ ಬಂದಾಗ ಬೆಳ್ಳಿ ಶೆಡ್ಡಿನ ಬಾಗಿಲ ಮುಂದೆ ನಿಲ್ಲುತ್ತಿತ್ತು. ಆಗ ತಿಪ್ಪೇರುದ್ರನ ಹೆಂಡತಿ ಅಂಬಿಕಾ ಕೈಬಳೆ ಘಲ್ಲೆನಿಸುತ್ತ ತಟ್ಟೆಯಲ್ಲಿ ದೀಪ ಹಿಡಿದು ಬಂದು ಆರತಿ ಬೆಳಗಿ, ಗೊರಸಿನ ಮುಂದೆ ಒಂದು ಲೋಟ ಕೆಂಪು ನೀರು ಚೆಲ್ಲಿ, ಬೆಳ್ಳಿಯ ಬಾಯಿಗೆ ಒಂದು ಉಂಡೆ ಬೆಲ್ಲ ಇಡುತ್ತಿದ್ದಳು. ಆಮೇಲೆ ವಿನಯ್ ಕುಮಾರ ಇಳಿಯುತ್ತಿದ್ದ.

ಮೊದಲ ಭಾನುವಾರ ಅವನಿಗೆ ಸಂಕೋಚವಾಗಿತ್ತು. “ಇದೆಲ್ಲ ಯಾಕಕ್ಕಾ?” ಎಂದಿದ್ದ.

“ಇರ್ಲಿ ಬಿಡಣ್ಣ. ಇಲ್ದಿದ್ರೆ ಇಳಿಯಾಕೆ ಆಗಲ್ಲ” ಎಂದಿದ್ದಳು ಅಂಬಿಕಾ.

ಆರತಿ ಎತ್ತದೆ ಅತಿಥಿಯನ್ನು ಇಳಿಸಿಕೊಳ್ಳಲು ಅವಳ ಮನಸ್ಸು ಒಪ್ಪುವುದಿಲ್ಲ ಎಂದು ವಿನಯ್ ಕುಮಾರ ಅರ್ಥ ಮಾಡಿಕೊಂಡ. ಮೂರನೆಯ ಭಾನುವಾರದ ಹೊತ್ತಿಗೆ ಸಂಕೋಚ ಹೋಗಿತ್ತು. ಆರನೆಯ ಭಾನುವಾರ ಅಂಬಿಕಾ ಬರುವುದು ತುಸು ತಡವಾದಾಗ ಗಂಟಲು ಸರಿಮಾಡಿಕೊಂಡ.

“ಹೋದ ಕಡೆ ಆರತಿ ಎತ್ತಿ ಇಳಿಸ್ಕಂತಾರೆ ಕಣೋ” ಎಂದು ಅಂಗಡಿಯಲ್ಲಿ ವಿನೋದನಿಗೆ ಹೇಳಿದ. “ಕುದುರೆ ಸಾಕೋರಿಗೆ ಸವಾರನ ಬೆಲೆ ಗೊತ್ತಿರ್ತದೆ.”

“ನಮಗೆ ಗೊತ್ತಿಲ್ಲ ಮಾರಾಯ. ನಿನಗೆ ಇಷ್ಟು ವರ್ಷ ಬರೀ ಟೀ ಕೊಟ್ಟು ಅವಮಾನ ಮಾಡಿಬಿಟ್ಟೆ” ಎಂದ ವಿನೋದ್.

ಹೀಗೆ ಒಂದು ವರ್ಷ ಕಳೆಯುವ ಹೊತ್ತಿಗೆ ನ್ಯಾಮತಿಯಿಂದ ಚೈತ್ರಶ್ರೀಯ ಫೋಟೋ ಬಂತು. ಗೊಬ್ಬರದ ಅಂಗಡಿ ಷಣ್ಮುಖಪ್ಪನವರ ಮಗಳು, ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಫೋಟೋದಲ್ಲಿ ಅವಳು ಸ್ಕೂಟಿಯ ಪಕ್ಕ ನಿಂತು, ತೆಗೆಯುವವನಿಗೆ ಬೇಗ ಮುಗಿಸು ಎನ್ನುವಂತೆ ನೋಡುತ್ತಿದ್ದಳು. ವಿನಯ್ ಕುಮಾರ ಅದನ್ನು ಬೆರಳಿನಿಂದ ಹಿಗ್ಗಿಸಿ ನೋಡಿದ, ಕುಗ್ಗಿಸಿ ನೋಡಿದ, ಗಿರಾಕಿ ಪೈಪಿನ ಅಳತೆ ಕೇಳುತ್ತಿದ್ದರೂ ನೋಡಿದ. ಇವಳೊಬ್ಬಳು ಒಪ್ಪಿಬಿಟ್ಟರೆ ಇನ್ನು ಕುದುರೆ ಹತ್ತುವ ಅಗತ್ಯವೇ ಇಲ್ಲ ಎಂದು ಅವನಿಗೆ ಅನ್ನಿಸಿತು. ಪ್ರೀತಿ ಎಂದರೆ ಬಹುಶಃ ಅದೇ.

ಮೇಷ್ಟ್ರು ನ್ಯಾಮತಿಗೆ ಹೋಗಿ ಬಂದವರು ಮುಖ ಸ್ವಲ್ಪ ಸಣ್ಣ ಮಾಡಿಕೊಂಡಿದ್ದರು.

“ಮನೆಯೋರಿಗೆ ಒಪ್ಪಿಗೆ ಆದಂಗೈತೆ. ಹುಡುಗಿ ಒಂದು ಪ್ರಶ್ನೆ ಕೇಳ್ಯಾಳೆ.”

“ಏನಂತೆ?” ಎಂದರು ನಾಗರಾಜಪ್ಪ.

“ಹುಡುಗ ಕುದುರೆ ಹತ್ತಾನೋ, ಬರೀ ಹತ್ತಿದ ಫೋಟೋ ಐತೋ ಅಂತ.”

ವಿನಯ್ ಕುಮಾರನಿಗೆ ಬೂಟಿನ ಧೈರ್ಯವಿತ್ತು. “ಹೆಣ್ಣು ನೋಡಾಕೆ ಕುದುರೆ ಮೇಲೇ ಬರ್ತೀನಿ ಅಂತ ಹೇಳ್ರಿ ಮೇಷ್ಟ್ರೆ” ಎಂದುಬಿಟ್ಟ.

“ಲೇ, ಹೊನ್ನಾಳಿಯಿಂದ ನ್ಯಾಮತಿಗಾ?” ಎಂದು ನಾಗರಾಜಪ್ಪ ಕನ್ನಡಕ ತೆಗೆದರು. “ಸುಮ್ನೆ ಕಾರಲ್ಲಿ ಹೋಗಾಣ ಬಾರೋ. ಏಸಿ ಐತೆ.”

“ಕಾರು ಎಲ್ಲರ ಹತ್ರಾನೂ ಐತಪ್ಪಾ.”

ಮೇಷ್ಟ್ರು ತಲೆದೂಗಿದರು. ಎದ್ದು ಕಾಣುವ ವಿಷಯದಲ್ಲಿ ಶಿಷ್ಯ ಗುರುವನ್ನು ಮೀರಿಸಿದ್ದ.

ಬೆಳ್ಳಿ ಬ್ಯಾಂಡಿನ ವೇಗದಲ್ಲಿ ಹೊನ್ನಾಳಿಯಿಂದ ಹೊರಟರೆ ನ್ಯಾಮತಿ ಮುಟ್ಟುವ ಹೊತ್ತಿಗೆ ಹುಡುಗಿಗೆ ಬೇರೆ ಕಡೆ ಮದುವೆಯಾಗಿರುತ್ತದೆ. ಆದ್ದರಿಂದ ಅದನ್ನು ಪಿಕಪ್ ಗಾಡಿಯಲ್ಲಿ ಒಯ್ಯುವುದೆಂದೂ, ನ್ಯಾಮತಿಯ ಅಂಚಿನಲ್ಲಿ ಮೆಕ್ಕೆಜೋಳದ ಗೋದಾಮಿನ ಹಿಂದೆ ಇಳಿಸಿಕೊಂಡು ಅಲ್ಲಿಂದ ಸವಾರಿ ಮಾಡುವುದೆಂದೂ ಗೊತ್ತಾಯಿತು. ಗೋದಾಮಿನಿಂದ ಷಣ್ಮುಖಪ್ಪನವರ ಮನೆ ನೇರ ದಾರಿ. ಜನ ಸೇರಿದ ಮನೆ ಕಂಡರೆ ಬೆಳ್ಳಿ ತಾನಾಗಿಯೇ ಅತ್ತ ನಡೆಯುತ್ತದೆ ಎಂದು ತಿಪ್ಪೇರುದ್ರ ಭರವಸೆ ಕೊಟ್ಟ.

ಹೊರಡುವ ದಿನ ಬೆಳಿಗ್ಗೆ ಬೆಳ್ಳಿಯನ್ನು ಗಾಡಿಗೆ ಹತ್ತಿಸುತ್ತ ಅವನು ಕೇಳಿದ, “ಅಂಬಿಕಾನ್ನ ಕರ್ಕಂಡು ಬರ್ಲೇನ್ರಿ? ಇಳಿಯಾಕೆ ಬೇಕಾಗ್ತಾಳೆ.”

“ಬ್ಯಾಡ. ಇವತ್ತು ಆ ಮರ್ಯಾದೆ ಎಲ್ಲ ಬ್ಯಾಡ. ಹುಡುಗಿ ಮನೆಯೋರು ದೊಡ್ಡಸ್ತಿಕೆ ಅಂದ್ಕಂತಾರೆ.”

“ಮರ್ಯಾದೆ ಅಲ್ರಿ ಅದು...”

“ತಿಪ್ಪೇರುದ್ರ, ಹೇಳಿದಷ್ಟು ಮಾಡು. ನಾನು ಫೋನ್ ಮಾಡೋತನಕ ಗೋದಾಮಿನ ಹಿಂದೇನೇ ಇರು. ನಾನು ಹೊನ್ನಾಳಿಯಿಂದ ಓಡಿಸ್ಕಂಡು ಬಂದಂಗೆ ಲೆಕ್ಕ.”

ತಿಪ್ಪೇರುದ್ರ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಹೇಳಬೇಕಾದ್ದನ್ನು ಅರ್ಧ ಹೇಳಿದ್ದೇನೆ, ಉಳಿದರ್ಧ ತಾನಾಗಿ ಗೊತ್ತಾಗುತ್ತದೆ ಎಂಬ ನೆಮ್ಮದಿ ಅವನ ಮುಖದಲ್ಲಿತ್ತು.

ಗೋದಾಮಿನ ಹಿಂದೆ ವಿನಯ್ ಕುಮಾರ ಬೂಟಿನ ಮೇಲೆ ಒಂದು ಬೊಗಸೆ ಮಣ್ಣು ಎರಚಿಕೊಂಡ. ದೂರದಿಂದ ಬಂದ ಹಾಗೆ ಕಾಣಬೇಕಲ್ಲ. ಹತ್ತಿ ಕೂತ. ಬೆಳ್ಳಿ ನಿಟ್ಟುಸಿರು ಬಿಟ್ಟು ಹೊರಟಿತು.

ಆ ಬೀದಿಯಲ್ಲಿ ಅವನು ಬಂದದ್ದನ್ನು ನೋಡಿದವರು ಇವತ್ತಿಗೂ ಒಪ್ಪುತ್ತಾರೆ, ಬರುವಾಗ ಚೆನ್ನಾಗಿಯೇ ಇತ್ತು. ಬೆನ್ನು ನೆಟ್ಟಗಿತ್ತು. ಕಪ್ಪು ಕನ್ನಡಕ ಮಿಂಚುತ್ತಿತ್ತು. ಷಣ್ಮುಖಪ್ಪನವರ ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ, ಕಾರಿನಲ್ಲಿ ಮೊದಲೇ ಬಂದಿದ್ದ ನಾಗರಾಜಪ್ಪನವರೂ ಮೇಷ್ಟ್ರೂ ಕೂತಿದ್ದರು. ಹುಡುಗಿಯ ಅಜ್ಜಿ ದ್ಯಾಮಮ್ಮ ಹೊಸ್ತಿಲಲ್ಲಿ ನಿಂತಿದ್ದರು. ಕಿಟಕಿಯಲ್ಲಿ ಚೈತ್ರಶ್ರೀಯ ಮುಖ ಕಂಡಿತು, ಫೋಟೋಕ್ಕಿಂತ ಚೆನ್ನಾಗಿತ್ತು. ಬೆಳ್ಳಿ ನೇರ ಹೋಗಿ, ಬಾಗಿಲಿಗೆ ಎದುರಾಗಿ, ಗೆರೆ ಎಳೆದ ಹಾಗೆ ನಿಂತಿತು.

“ಭಲೆ!” ಎಂದರು ಷಣ್ಮುಖಪ್ಪ. “ಬರ್ರಿ, ಬರ್ರಿ. ಇಳೀರಿ.”

ವಿನಯ್ ಕುಮಾರ ಅಭ್ಯಾಸ ಮಾಡಿಕೊಂಡು ಬಂದಿದ್ದ ಮಂದಹಾಸ ಬೀರಿ, ಬಲಗಾಲನ್ನು ರಿಕಾಪಿನಿಂದ ತೆಗೆದ. ಬೆಳ್ಳಿ ಮುಂಗಾಲೆತ್ತಿ ಕುಣಿಯಿತು. ಅವನು ಅದರ ಕುತ್ತಿಗೆ ತಬ್ಬಿಕೊಂಡ. ಬೀದಿ ಚಪ್ಪಾಳೆ ತಟ್ಟಿತು.

ಕುಣಿತ ನಿಂತ ಮೇಲೆ ಮತ್ತೆ ಕಾಲು ತೆಗೆದ. ಬೆಳ್ಳಿ ಮತ್ತೆ ಕುಣಿಯಿತು. ಈ ಸಲ ಶಿಳ್ಳೆಯೂ ಬಂತು. ಎಡಗಾಲು ತೆಗೆದು ನೋಡಿದ. ಬೆಳ್ಳಿ ಎಡ ಬಲ ಎಂದು ಭೇದ ಮಾಡುವ ಜಾತಿಯದಾಗಿರಲಿಲ್ಲ.

ನಾಗರಾಜಪ್ಪ ಎದ್ದು ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದರು, “ಸಾಕು ಇಳಿಯೋ. ಎಷ್ಟು ಅಂತ ತೋರಿಸ್ತೀಯ?”

“ತೋರಿಸ್ತಾ ಇಲ್ಲಪ್ಪಾ.”

“ಮತ್ತೆ?”

“ಇಳಿಯಾಕೆ ಬಿಡ್ತಾ ಇಲ್ಲ.”

ಷಣ್ಮುಖಪ್ಪನವರಿಗೆ ಇದು ಕೇಳಿಸಲಿಲ್ಲ. “ಒಳಗೆ ಬರ್ರಿ, ಬಿಸಿಲು” ಎಂದರು ಮತ್ತೆ.

“ಇರ್ಲಿ ಬಿಡ್ರಿ ಮಾವ” ಎಂದ ವಿನಯ್ ಕುಮಾರ, ಬೆವರು ಒರೆಸಿಕೊಳ್ಳುತ್ತ. “ಇಲ್ಲಿ ಗಾಳಿ ಚೆನ್ನಾಗೈತೆ.”

ಮಾವ ಎಂಬ ಮಾತಿಗೆ ದ್ಯಾಮಮ್ಮನವರ ಹುಬ್ಬು ಮೇಲೆ ಹೋಯಿತು.

ಬೀದಿಯ ಗಂಡಸರು ಇಬ್ಬರು ಬಂದು, ಒಬ್ಬ ಬೂಟು ಹಿಡಿದು ಇನ್ನೊಬ್ಬ ಸೊಂಟ ಹಿಡಿದು ಎಳೆದು ನೋಡಿದರು. ಬೆಳ್ಳಿ ಕುಣಿದು ಇಬ್ಬರನ್ನೂ ಚರಂಡಿಯವರೆಗೆ ಕಳಿಸಿತು. ಆಮೇಲೆ ಯಾರೂ ಮುಂದೆ ಬರಲಿಲ್ಲ. ಬಂದ ಗಂಡಿಗೆ ತಿಂಡಿ ಕೊಡದೆ ಇರುವುದು ಹೇಗೆ? ಉಪ್ಪಿಟ್ಟು, ಕೇಸರಿಬಾತಿನ ತಟ್ಟೆಯನ್ನು ಸ್ಟೂಲು ಹತ್ತಿ ಮೇಲಕ್ಕೆ ಕೊಟ್ಟರು. ಒಂದು ಕೈಯಲ್ಲಿ ಲಗಾಮು, ಒಂದು ಕೈಯಲ್ಲಿ ತಟ್ಟೆ ಹಿಡಿದು, ತಿನ್ನಲು ಮೂರನೆಯ ಕೈ ಇಲ್ಲದೆ ವಿನಯ್ ಕುಮಾರ ಕೂತ. ಆಗ ಅವನು ಮೊದಲೇ ಮಾಡಬೇಕಿದ್ದ ಕೆಲಸವನ್ನು ಮಾಡಿದ. ಲಗಾಮನ್ನು ಒಂದು ಗಳಿಗೆ ಬಿಟ್ಟು ತಿಪ್ಪೇರುದ್ರನಿಗೆ ಫೋನು ಹಚ್ಚಿ, ಕೈ ಸಾಲದೆ ಸ್ಪೀಕರಿಗೆ ಹಾಕಿ, ಜೀನಿನ ಮೇಲಿಟ್ಟ.

“ಏನ್ರಿ, ಆರತಿ ಆಯ್ತೇನ್ರಿ?” ಎಂದಿತು ಫೋನು. ಬೀದಿಗೆಲ್ಲ ಕೇಳಿಸಿತು. ತಿಪ್ಪೇರುದ್ರನದು ಬ್ಯಾಂಡಿನ ಸದ್ದಿನ ಮೇಲೆ ಮಾತಾಡಿ ರೂಢಿಯಾದ ಗಂಟಲು. “ಆರತಿ ಆಗದೆ ಅದು ಯಾರ್ನೂ ಇಳಿಸಲ್ರಿ. ಹಿಂದೆ ಯಾವನೋ ಮದುಮಗ ಆರತಿಗೆ ಮುಂಚೆ ಜಿಗಿದು ದೊಡ್ಡ ಜಗಳ ಆಗಿತ್ತು, ಆವಾಗಿಂದ ಬೆಲ್ಲ ಕೊಟ್ಟು ಹಂಗೇ ಪಳಗಿಸೀನಿ. ಬಳೆ ಸದ್ದು ಕೇಳ್ಬೇಕು, ದೀಪ ಕಾಣ್ಬೇಕು, ನೀರು ಚೆಲ್ಬೇಕು, ಬೆಲ್ಲ ತಿನ್ಬೇಕು. ಅದಕ್ಕೇ ಅಂಬಿಕಾನ್ನ ಕರ್ಕಂಡು ಬರ್ಲಾ ಅಂದಿದ್ದು. ನಾನು ಬರ್ಲೇನು? ಇಲ್ಲೇ ಗೋದಾಮಿನ ಹಿಂದೆ ಪಿಕಪ್‌ನಾಗೇ ಅದೀನಿ.”

ವರ್ಷವಿಡೀ ತನಗೆ ಸಂದ ಆರತಿಗಳೆಲ್ಲ ವಿನಯ್ ಕುಮಾರನ ಕಣ್ಣ ಮುಂದೆ ಸಾಲಾಗಿ ಬಂದು, ಒಂದೊಂದಾಗಿ ಕುದುರೆಯ ಕಡೆಗೆ ತಿರುಗಿಕೊಂಡವು.

“ಪಿಕಪ್ಪಾ?” ಎಂಬ ಮಾತು ಕಿಟಕಿಯಿಂದ ಬಂತು. ಚೈತ್ರಶ್ರೀ ಆ ದಿನ ಆಡಿದ ಮೊದಲ ಮಾತು ಅದು.

ಮೇಷ್ಟ್ರಿಗೆ ಮಾತ್ರ ಇದರಲ್ಲಿ ದೇವರ ಕೈ ಕಂಡಿತು. ಕುರ್ಚಿಯಿಂದ ಎದ್ದು ಶಲ್ಯ ಸರಿಮಾಡಿಕೊಂಡು, “ಇನ್ನೇನು ತಡ ಷಣ್ಮುಖಪ್ಪಾರೆ? ಕುದುರೆ ಬಾಗಲಿಗೆ ಬಂದು ನಿಂತೈತೆ. ಒಂದು ಆರತಿ ಎತ್ತಿಬಿಡ್ರಿ. ಮೂಕಪ್ರಾಣಿ ಬಾಯಲ್ಲಿ ಶಿವನೇ ಹೇಳ್ಸಿದಂಗಾಯ್ತು” ಎಂದರು.

ನಾಗರಾಜಪ್ಪನವರಿಗೂ ತಟ್ಟನೆ ಹೊಳೆಯಿತು. “ಹೌದ್ರಿ, ಎತ್ತಿಬಿಡ್ರಿ. ಶುಭಸ್ಯ ಶೀಘ್ರ” ಎಂದರು.

ದ್ಯಾಮಮ್ಮ ಹೊಸ್ತಿಲು ದಾಟಿ ಹೊರಗೆ ಬಂದರು.

“ಏನ್ ಮಾತು ಆಡ್ತೀರಿ ಮೇಷ್ಟ್ರೆ? ಮಾತುಕತೆ ಆಗಿಲ್ಲ, ವೀಳ್ಯ ಆಗಿಲ್ಲ. ಕುದುರೆ ಮೇಲೆ ಕುಂತ ಗಂಡಿಗೆ ನಮ್ಮ ಬಾಗಲಾಗೆ ಆರತಿ ಎತ್ತಿದ್ರೆ ಅವ್ನು ಅಳಿಯ ಆಗಿಬಿಟ್ಟ. ಬೀದಿಗೆ ಬೀದೀನೇ ನೋಡ್ತಾ ಐತೆ. ನಾಳೆ ಇದು ಮುರಿದು ಇನ್ನೊಂದು ಸಂಬಂಧ ಬಂದ್ರೆ, ‘ಆ ಹುಡುಗಿ ಮನೆ ಮುಂದೆ ಒಬ್ಬನಿಗೆ ಆರತಿ ಆಗೈತಂತೆ’ ಅಂತಾರೆ. ಆವಾಗ ಉತ್ತರ ಹೇಳಾಕೆ ನೀವು ಬರ್ತೀರಾ, ಕುದುರೆ ಬರ್ತದಾ?”

“ಮುರಿಯೋದು ಯಾಕೆ ಅಜ್ಜಿ?” ಎಂದ ವಿನಯ್ ಕುಮಾರ ಮೇಲಿನಿಂದ. ಅವನಿಗೆ ಆ ಹುಡುಗಿ ನಿಜವಾಗಿ ಬೇಕಾಗಿದ್ದಳು. ಕಿಟಕಿಯ ಕಡೆ ನೋಡಿ ಧ್ವನಿ ತಗ್ಗಿಸಿ, “ನನ್ನ ಕಡೆಯಿಂದ ಒಪ್ಪಿಗೆ ಐತೆ. ಆರತಿ ಎತ್ತಿದ್ರೆ ಇಳಿದುಬಿಡ್ತೀನಿ” ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಒಬ್ಬರ ಬಾಗಿಲಲ್ಲಿ, ಕುದುರೆಯ ಮೇಲೆ ಕೂತು ಹಾಗೆ ಹೇಳಿದರೆ ಅದು ಬೇಡಿಕೆ ಈಡೇರುವವರೆಗೆ ಧರಣಿ ಕೂತಂತೆ ಕೇಳಿಸುತ್ತದೆ.

ಷಣ್ಮುಖಪ್ಪ ಎದುರು ಮನೆಯ ಅಂತರಘಟ್ಟಮ್ಮನ ಕಡೆ ತಿರುಗಿದರು. “ನೀನಾದ್ರೂ ಎತ್ತಕ್ಕಾ, ಪುಣ್ಯ ಬರ್ತದೆ.”

“ನಮ್ಮನೇಲೂ ಮದುವಿಗೆ ಬಂದ ಹುಡುಗಿ ಐತೆ ಕಣಪ್ಪ” ಎಂದು ಅಂತರಘಟ್ಟಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. “ಆಮೇಲೆ ಇದು ನಮ್ಮನೆ ಮುಂದೆ ಬಂದು ನಿಂತ್ರೆ?”

ಅಷ್ಟರಲ್ಲಿ ಚೈತ್ರಶ್ರೀ ಹೊರಗೆ ಬಂದಳು. ಹೆಣ್ಣು ತೋರಿಸುವ ಶಾಸ್ತ್ರದಲ್ಲಿ ಅವಳು ಕಾಫಿ ತಂದು ಚಾಪೆಯ ಮೇಲೆ ಕೂರಬೇಕಿತ್ತು, ಗಂಡಿನ ಕಡೆಯವರು ಪ್ರಶ್ನೆ ಕೇಳಬೇಕಿತ್ತು. ಅವಳು ಒಂದು ಕುರ್ಚಿ ಎಳೆದು ಬೆಳ್ಳಿಯ ಮೂತಿಯ ಎದುರಿಗೆ ಹಾಕಿ ಕೂತಳು.

“ಇದರ ಹೆಸರೇನ್ರಿ?”

“ಬೆಳ್ಳಿ” ಎಂದ ವಿನಯ್ ಕುಮಾರ, ಸ್ವಲ್ಪ ಜೀವ ಬಂದು.

“ಒಂದು ವರ್ಷದಿಂದ ಇದರ ಜೊತೆ ಇದೀರಂತೆ. ಇದರ ಮೈ ಯಾರು ತೊಳೀತಾರೆ?”

“ಅದಕ್ಕೆ ಜನ ಅದಾರೆ.”

“ಮೇವು, ಹುರುಳಿ?”

“ಜನ ಅದಾರ್ರಿ.”

“ಲದ್ದಿ?”

“ಛೇ, ಅದಕ್ಕೂ ಜನ ಅದಾರೆ.”

“ಹತ್ತಿಸೋಕೆ?”

“ತಿಪ್ಪೇರುದ್ರ.”

“ಇಳಿಸೋಕೆ?”

ವಿನಯ್ ಕುಮಾರ ಉಪ್ಪಿಟ್ಟಿನ ತಟ್ಟೆ ನೋಡಿದ.

“ಮನೇಲೂ ಹಿಂಗೇನಾ?” ಎಂದು ಅವಳು ನಾಗರಾಜಪ್ಪನವರನ್ನು ಕೇಳಿದಳು.

ಇದು ಹೊಗಳಿಕೆಗೆ ಒದಗಿದ ಅವಕಾಶ ಎಂದುಕೊಂಡ ನಾಗರಾಜಪ್ಪ, “ಮನೇಲಿ ಅವ್ನು ಒಂದು ಲೋಟ ಎತ್ತಿ ಈ ಕಡೆ ಇಟ್ಟೋನಲ್ಲಮ್ಮ. ಅಂಥಾ ಮುದ್ದಿನಿಂದ ಸಾಕೀವಿ. ಅವ್ರಮ್ಮ ಇವತ್ತಿಗೂ ಸ್ನಾನಕ್ಕೆ ಟವೆಲ್ ಕೊಡ್ತಾಳೆ” ಎಂದರು.

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಎಷ್ಟೋ ವರ್ಷ ಪರೀಕ್ಷಾ ಕೋಣೆಯಲ್ಲಿ ನಿಂತವರು; ಉತ್ತರ ಯಾವಾಗ ತಪ್ಪಾಯಿತೆಂದು ಅವರಿಗೆ ಗೊತ್ತಾಗುತ್ತಿತ್ತು.

ಚೈತ್ರಶ್ರೀ ಎದ್ದು ಒಳಗೆ ಹೋದಳು. ಕೋಪದಿಂದ ಹೋದಳೆಂದು ಎಲ್ಲರೂ ತಿಳಿದರು. ಅವಳು ತಂತಿಯ ಮೇಲೆ ಒಣಗಲು ಹಾಕಿದ್ದ ನವಿಲಿನ ಚಿತ್ರದ ಬೆಡ್‌ಶೀಟೊಂದನ್ನು ಎಳೆದುಕೊಂಡು ಹೊರಗೆ ಬಂದು ಅಜ್ಜಿಯ ಕೈಗೆ ಕೊಟ್ಟಳು.

“ಇದನ್ನ ಹೊದಿಸ್ರಿ ಅಜ್ಜಿ. ಗಂಡು ಕಾಣದಿದ್ರೆ ಆರತಿ ಗಂಡಿಗೆ ಹೆಂಗೆ ಆಗ್ತದೆ?”

ದ್ಯಾಮಮ್ಮ ಬೆಡ್‌ಶೀಟನ್ನೂ ಮೊಮ್ಮಗಳನ್ನೂ ನೋಡಿದರು. ಶಾಸ್ತ್ರದಲ್ಲಿ ಇದಕ್ಕೆ ಅಡ್ಡಿ ಎಲ್ಲಿದೆ ಎಂದು ಮನಸ್ಸಿನಲ್ಲೇ ಹುಡುಕಿ, ಸಿಗದೆ, ತಲೆಯಾಡಿಸಿದರು. ಎಳೆಯಲು ಬಂದಿದ್ದ ಗಂಡಸರೇ ಸ್ಟೂಲು ಹತ್ತಿ, ವಿನಯ್ ಕುಮಾರನ ಕೈಯಿಂದ ತಟ್ಟೆ ಇಸಿದುಕೊಂಡು, ತಲೆಯಿಂದ ಬೂಟಿನವರೆಗೆ ಅವನನ್ನು ಮುಚ್ಚಿದರು.

“ಅಪ್ಪಾ, ಏನಿದು?” ಎಂದಿತು ಬೆಡ್‌ಶೀಟು.

“ಸುಮ್ಕೆ ಕುಂದ್ರೋ” ಎಂದರು ನಾಗರಾಜಪ್ಪ.

ದ್ಯಾಮಮ್ಮ ತಟ್ಟೆಗೆ ದೀಪ ಹಚ್ಚಿಕೊಂಡು ಬಂದು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನೋಡಿದರು. “ಎಲ್ರೂ ಕೇಳಿಸ್ಕಳ್ರಿ. ಆರತಿ ಕುದುರಿಗೆ. ಮೇಲಿರೋ ಹೇರಿಗಲ್ಲ.” ಕೈ ಆಡಿಸಿ ಬಳೆ ಸದ್ದು ಮಾಡಿದರು. ಬೆಳ್ಳಿಯ ಕಿವಿ ನಿಮಿರಿತು. ದೀಪ ಬೆಳಗಿದರು, ಕೆಂಪು ನೀರು ಚೆಲ್ಲಿದರು. ಚೈತ್ರಶ್ರೀ ಅಂಗೈಯಲ್ಲಿ ಬೆಲ್ಲ ಹಿಡಿದಳು. ಬೆಳ್ಳಿ ಅದನ್ನು ನಿಧಾನಕ್ಕೆ ತಿಂದು, ಅವಳ ಕೈಯನ್ನೂ ನೆಕ್ಕಿ, ಕಲ್ಲಿನಂತೆ ನಿಂತಿತು. ಇನ್ನು ಮೇಲಿದ್ದವನು ಏನು ಮಾಡಿಕೊಂಡರೂ ಅದಕ್ಕೆ ಸಂಬಂಧವಿರಲಿಲ್ಲ.

ವಿನಯ್ ಕುಮಾರ ಬೆಡ್‌ಶೀಟಿನ ಸಮೇತ ಇಳಿದ. ನೆಲ ಸಿಕ್ಕಿದೆಯೋ ಇಲ್ಲವೋ ಎಂದು ಕಾಲಿನಲ್ಲೇ ತಡವಿ ನೋಡಿ, ಕೆಂಪು ನೀರಿನಲ್ಲಿ ಒಮ್ಮೆ ಜಾರಿ, ನಿಂತ. ಬೀದಿ ಈ ಸಲ ತಟ್ಟಿದ ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿತ್ತು. ತಿಪ್ಪೇರುದ್ರ ಪಿಕಪ್ ತಂದು ಮನೆಯ ಮುಂದೆಯೇ ನಿಲ್ಲಿಸಿದ, ಬೆಳ್ಳಿ ಎಲ್ಲರ ಎದುರಿಗೇ ಹಲಗೆ ಹತ್ತಿ ಗಾಡಿಯೊಳಗೆ ಹೋಯಿತು.

ಒಳಗೆ ಕಾಫಿ ಕೊಟ್ಟರು. ಹೊರಡುವಾಗ ಷಣ್ಮುಖಪ್ಪ ಕೈಮುಗಿದು, “ಮನೇಲಿ ಕೂತು ಮಾತಾಡಿ ಫೋನ್ ಮಾಡ್ತೀವ್ರಿ” ಎಂದರು.

ನ್ಯಾಮತಿಯಿಂದ ಫೋನು ಬರಲಿಲ್ಲ. ಗುರುಬಸವರಾಜ್ ಮೇಷ್ಟ್ರು ಹವ್ಯಾಸದ ಮುಂದೆ ‘ಓದು’ ಎಂದು ತಿದ್ದಿದ್ದಾರೆ. ಏನು ಓದುತ್ತಾನೆ ಎಂದು ಈವರೆಗೆ ಯಾವ ಹುಡುಗಿಯೂ ಕೇಳಿಲ್ಲ. ಬೂಟುಗಳು ಪೈಪಿನ ಅಂಗಡಿಯಲ್ಲಿವೆ. ಅವುಗಳಲ್ಲಿ ಪೈಪಿನ ತುಂಡುಗಳನ್ನು ಅಳತೆಯ ಪ್ರಕಾರ ನಿಲ್ಲಿಸಲಾಗಿದೆ.

ಚೈತ್ರಶ್ರೀಯ ಮದುವೆ ಜಗಳೂರಿನ ಹುಡುಗನೊಬ್ಬನ ಜೊತೆ ಆಯಿತು. ಹೆಣ್ಣು ನೋಡಲು ಅವನು ಬಸ್ಸಿನಲ್ಲಿ ಬಂದ, ತಾನೇ ಇಳಿದ.